ಅರ್ಥ ಬರೆಸುವುದಾ, ಅರ್ಥ ಹೇಳಿಸುವುದಾ?

ನಮ್ಮ ಕಾಸರಗೋಡಿನ ಕಡೆ ‘ಅರ್ಥ’ ಅಂದರೆ ಎರಡು. ಒಂದು, ಟೀಚರ್ ಬೋರ್ಡಿನಲ್ಲಿ ಬರೆಸುವ ಶಬ್ದಾರ್ಥ. ಇನ್ನೊಂದು ತಾಳಮದ್ದಳೆಯ, ಅಂದರೆ ಕೂತು ಮಾಡುವ ಯಕ್ಷಗಾನದ, ಅರ್ಥ. ಭಾಗವತರು ಕಥೆಯ ಪದ ಹಾಡುತ್ತಾರೆ, ವೇಷ ಕಟ್ಟದೆ ಕೂತ ಅರ್ಥಧಾರಿ ಆ ಪಾತ್ರವೇ ತಾನಾಗಿ ಮಾತಾಡುತ್ತಾನೆ. ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹತ್ತನೆಯವರಿಗೆ ಇಂಗ್ಲಿಷ್ ಕಲಿಸುವ ನಾನು ಮೊದಲನೆಯದರಿಂದ ಎರಡನೆಯದಕ್ಕೆ ಬರುವಾಗ ಕೆಲವು ವರ್ಷಗಳೇ ಕಳೆದವು. ನಡುವೆ ಏನೇನೋ ಮಾಡಿ ನೋಡಿದ್ದೇನೆ.

ಹಿಂದಿನ ಪಾಠಪುಸ್ತಕದಲ್ಲಿ ವೈಕಂ ಮುಹಮ್ಮದ್ ಬಷೀರರ ಒಂದು ಕಥೆಯ ಇಂಗ್ಲಿಷ್ ಅನುವಾದ ಇತ್ತು. ಬಡ ಹೋಮಿಯೋಪಥಿ ಡಾಕ್ಟರ್ ಒಬ್ಬ ರಾತ್ರಿ ಕನ್ನಡಿ ಮುಂದೆ ಕೂತು ತನ್ನ ಚಂದ ತಾನೇ ನೋಡಿಕೊಳ್ಳುತ್ತಿರುತ್ತಾನೆ. ಮಾಡಿನಿಂದ ಬಿದ್ದ ಹಾವು ಅವನ ತೋಳಿಗೆ ಸುತ್ತಿಕೊಳ್ಳುತ್ತದೆ. ಶಬ್ದಾರ್ಥ ಬರೆಸಿದರೆ ಈ ಪಾಠ ಎರಡೇ ಪಿರಿಯಡಿನಲ್ಲಿ ಮುಗಿಯುತ್ತದೆ. ಆದರೆ ತರಗತಿಯಲ್ಲಿ ಒಬ್ಬರೂ ನಗುವುದಿಲ್ಲ. ಬಷೀರ್ ಕಥೆಗೆ ನಗು ಬರಲಿಲ್ಲ ಅಂದರೆ ಪಾಠ ಆಯಿತು ಅಂತ ಹೇಳುವುದು ಹೇಗೆ? ಪರೀಕ್ಷೆಗಾದರೂ ಉಪಯೋಗ ಉಂಟಾ ಅಂದರೆ ಅದೂ ಕಡಿಮೆ. ಎಸ್ಸೆಸ್ಸೆಲ್ಸಿಯ 80 ಅಂಕದ ಇಂಗ್ಲಿಷ್ ಪೇಪರಿನಲ್ಲಿ ಡೈರಿ ಬರೆ, ಪತ್ರ ಬರೆ, ಇಬ್ಬರ ಸಂಭಾಷಣೆ ಬರೆ ಅಂತ ಕೇಳುತ್ತಾರೆ. ಪಾತ್ರದ ಒಳಗೆ ಹೋಗದವರು ಅಲ್ಲಿ ಪೆನ್ನು ಕಚ್ಚುತ್ತಾ ಕೂರುತ್ತಾರೆ.

ಹಾಗಾಗಿ ನಾಟಕ ಮಾಡಿಸಿದೆ. ಬೈರಾಸು (ಟವೆಲ್) ಸುತ್ತಿ ಹಾವು ಮಾಡಿದೆವು. ಹತ್ತು ದಿನ ತಯಾರಿ, ಐದು ಮಕ್ಕಳಿಗೆ ಪಾತ್ರ, ಉಳಿದವರೆಲ್ಲ ಪ್ರೇಕ್ಷಕರು. ಆ ಐವರೂ ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸಿದರು. ಶಾಲಾ ವಾರ್ಷಿಕೋತ್ಸವಕ್ಕೆ ಚೆನ್ನಾಗಿತ್ತು, ಅಷ್ಟೇ.

ತಾಳಮದ್ದಳೆಯ ಯೋಚನೆ ಬಂದದ್ದು ಆಮೇಲೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇರುವಾಗ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ? ಎರಡು ಬೆಂಚು ಎದುರುಬದುರು. ಒಬ್ಬಳು ಭಾಗವತಳಾಗಿ ಕಥೆಯ ಒಂದು ಪ್ಯಾರಾ ಓದುತ್ತಾಳೆ. ಒಬ್ಬ ಡೆಸ್ಕನ್ನೇ ಮದ್ದಳೆ ಮಾಡಿ ಬಾರಿಸುತ್ತಾನೆ. ಡಾಕ್ಟರ್ ಆ ಕಡೆ, ಹಾವು ಈ ಕಡೆ. ‘ಅವನು’ ಅನ್ನಬಾರದು, ‘ನಾನು’ ಅಂತಲೇ ಮಾತಾಡಬೇಕು. ಮೊದಲ ಸುತ್ತು ಯಾವ ಭಾಷೆಯಾದರೂ ಸರಿ. ನನ್ನ ತರಗತಿಯಲ್ಲಿ ಮನೆಮಾತು ತುಳು, ಹವ್ಯಕ ಕನ್ನಡ, ಮಲಯಾಳಂ, ಬ್ಯಾರಿ ಎಲ್ಲ ಉಂಟು. ಎರಡನೇ ಸುತ್ತು ಇಂಗ್ಲಿಷಿನಲ್ಲೇ, ಹರಕುಮುರುಕಾದರೂ.

ಹಾವಾಗಿ ಕೂತ ಹುಡುಗಿಗೆ ಡಾಕ್ಟರ್ ಕೇಳಿದ, ನನ್ನ ಕೈಯೇ ಯಾಕೆ ಬೇಕಾಗಿತ್ತು ನಿನಗೆ ಅಂತ. ಅವಳು ಬೆಂಚಿನಿಂದ ಸ್ವಲ್ಪ ಮುಂದೆ ಬಾಗಿ ಅಂದಳು: “ಯೂ ಸೀ, ಸೀ, ಸೀ. ಐ ಆಲ್ಸೋ ವಾಂಟ್ ಸೀ.” ಕನ್ನಡಿ ಏನು ನಿನ್ನೊಬ್ಬನದಾ ಅಂತ ಭಾವ. ಹಾವೂ ಕನ್ನಡಿ ನೋಡಿಕೊಳ್ಳುವುದರಲ್ಲೇ ಕಥೆಯ ತಮಾಷೆ ಇರುವುದು. ನಾನು ಒಂದಕ್ಷರ ವಿವರಿಸದೆ ಅದು ಅವಳಿಗೆ ಸಿಕ್ಕಿತ್ತು. ಇಡೀ ತರಗತಿ ನಕ್ಕಿತು. ಪಕ್ಕದ ತರಗತಿಯಿಂದ ಗಲಾಟೆಯ ದೂರೂ ಬಂತು.

ಇದರಲ್ಲಿ ತೊಂದರೆ ಇಲ್ಲ ಅಂತಲ್ಲ. ಬಾಯಿ ಜೋರಿದ್ದವನು ಮೈಕ್ ಸಿಕ್ಕಿದ ಹಾಗೆ ಬಿಡುವುದೇ ಇಲ್ಲ. ಒಬ್ಬ ಡಾಕ್ಟರಂತೂ ರಾಮಾಯಣಕ್ಕೆ ಹೊರಟುಹೋದ, ವಾಪಸ್ ತರುವಾಗ ಬೆಲ್ ಹೊಡೆಯಿತು. ಈಗ ಒಬ್ಬೊಬ್ಬರಿಗೆ ನಾಲ್ಕೇ ಮಾತು. ಪುಸ್ತಕದ ಒಂದು ವಾಕ್ಯವನ್ನಾದರೂ ಎತ್ತಿ ಆಡಲೇಬೇಕು.

ಪದ್ಯಕ್ಕೆ ಮಾತ್ರ ಇದು ಹೊಂದಲಿಲ್ಲ. ಯೇಟ್ಸ್ ಬರೆದ ಫಾದರ್ ಗಿಲಿಗನ್ ಲಾವಣಿಗೆ ಚೀಟಿಯೇ ಸರಿ. ನಾಲ್ಕು ಸಾಲಿನ 12 ನುಡಿ ಅದು. ನುಡಿಗೊಂದರಂತೆ ಕತ್ತರಿಸಿ, ಗುಂಪಿಗೊಂದು ಕಟ್ಟು ಕೊಟ್ಟು, ಕ್ರಮದಲ್ಲಿ ಜೋಡಿಸಿ ಅಂದೆ. ಫ್ಯಾನ್ ಆಫ್ ಮಾಡಿಸಿ, ಇಲ್ಲದಿದ್ದರೆ ಚೀಟಿ ಹೆಕ್ಕುವುದೇ ಕೆಲಸ. ದಣಿದ ಪಾದ್ರಿ ಕುರ್ಚಿಗೆ ಒರಗಿ ನಿದ್ದೆ ಹೋಗುತ್ತಾನೆ. ಬೆಳಿಗ್ಗೆ ಎಚ್ಚರವಾಗಿ ಸಾಯುತ್ತಿರುವವನ ಮನೆಗೆ ಕುದುರೆ ಓಡಿಸುತ್ತಾನೆ. ಬಾಗಿಲು ತೆರೆದ ಹೆಂಡತಿ, ಫಾದರ್, ನೀವು ಪುನಃ ಬಂದಿರಾ ಅನ್ನುತ್ತಾಳೆ. ಎಲ್ಲ ಗುಂಪೂ ಆ ಚೀಟಿಯ ಹತ್ತಿರ ನಿಂತಿತು. “ಟೀಚರ್, ಇವರು ಮೊದಲು ಹೋಗಲೇ ಇಲ್ಲ. ಪುನಃ ಹೇಗೆ? ಒಂದು ಚೀಟಿ ಬಿಟ್ಟುಹೋಗಿದೆ.” ಬಿಟ್ಟುಹೋಗಿಲ್ಲ, ಮುಂದೆ ಓದಿ ಅಂದೆ. ಪಾದ್ರಿ ಮಲಗಿದ್ದಾಗ ದೇವದೂತನೇ ಆ ಮನೆಗೆ ಹೋಗಿದ್ದ ಅಂತ ಅವರೇ ಕಂಡುಕೊಂಡರು. ತಯಾರಿಗೆ ಬೇಕಾದ್ದು ಒಂದು ಕತ್ತರಿ, ನಾಲ್ಕು ಜೆರಾಕ್ಸ್. ಒಂದೇ ಪಿರಿಯಡ್ ಇದ್ದರೆ ನಾನು ಇದನ್ನೇ ಮಾಡುತ್ತೇನೆ.

ಇವೆರಡರಲ್ಲೂ ಬಾಯಿಬಿಡದವರು ಇರುತ್ತಾರೆ, ಹಿಂದಿನ ಬೆಂಚಿನವರು. ಅವರಿಗಾಗಿ ಪತ್ರ. ರಷ್ಯದ ಚೆಕಾವ್‌ನ ಕಥೆಯೊಂದರ ಹುಡುಗ ವಾಂಕಾಗೆ ಒಂಬತ್ತು ವರ್ಷ. ಮಾಸ್ಕೋದಲ್ಲಿ ಚಮ್ಮಾರನ ಮನೆಯಲ್ಲಿ ಪೆಟ್ಟು ತಿನ್ನುತ್ತಾ, ಬಂದು ಕರಕೊಂಡು ಹೋಗು ಅಂತ ಅಜ್ಜನಿಗೆ ಬರೆಯುತ್ತಾನೆ. ಲಕೋಟೆಯ ಮೇಲೆ ಬರೆಯುವುದು ‘ಹಳ್ಳಿಯಲ್ಲಿರುವ ಅಜ್ಜನಿಗೆ’ ಎಂದು, ಜೊತೆಗೆ ಅಜ್ಜನ ಹೆಸರು. ಅಷ್ಟೇ ವಿಳಾಸ. ಅಜ್ಜನ ಕಡೆಯಿಂದ ಉತ್ತರ ಬರೆಯಿರಿ ಅಂದೆ. ಹೆಚ್ಚಿನವರು ಈಗಲೇ ಹೊರಟೆ ಮಗೂ ಅಂತ ಪುಟ ತುಂಬಿಸಿದರು.

ಆ ವರ್ಷ ಒಂದು ಸಲವೂ ಎದ್ದು ಮಾತಾಡದ ಹುಡುಗ ಎರಡೇ ವಾಕ್ಯ ಬರೆದಿದ್ದ. ಕಳಿಸಿದವರ ವಿಳಾಸದಲ್ಲಿ ಅಜ್ಜನ ಊರಿಗೆ ನಮ್ಮ 671ರ ಪಿನ್‌ಕೋಡು. ಕೆಳಗೆ, “ಐ ಗಾಟ್ ನೋ ಲೆಟರ್. ವೈ ಯೂ ನಾಟ್ ರೈಟ್?”

ಕೆಂಪು ಪೆನ್ನು ಕೈಯಲ್ಲಿತ್ತು. ‘ಡಿಡ್’ ಸೇರಿಸುವುದನ್ನು ಮರುದಿನಕ್ಕೆ ಇಟ್ಟುಕೊಂಡೆ.