ಮೂರು ಚೆಂಡಿನ ಸ್ಪೈರೋಮೀಟರ್, ಆಕ್ಸಿಮೀಟರ್, ಆಪ್: ಶ್ವಾಸಕೋಶದ ಆಪರೇಷನ್ ಆದವರಿಗೆ ಯಾವುದಕ್ಕೆ ದುಡ್ಡು ಹಾಕಬಹುದು?

ಮೆಡಿಕಲ್ ಶಾಪ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಮೂರು ಚೆಂಡಿನ ಸ್ಪೈರೋಮೀಟರ್, ಅಂದರೆ ಉಸಿರೆಳೆದು ಚೆಂಡು ಏರಿಸುವ ವ್ಯಾಯಾಮದ ಸಾಧನ, ಕೊಟ್ಟ ಹಣಕ್ಕೆ ಮೋಸವಿಲ್ಲ. ಕೆಡುವುದೆಲ್ಲ ಬಳಸುವ ರೀತಿಯಲ್ಲಿ.

ಮೊದಲ ತಪ್ಪು, ಊದುವುದು. ಇದನ್ನು ಊದಬಾರದು, ಎಳೆಯಬೇಕು. ಎರಡನೆಯದು ಮೂರೂ ಚೆಂಡು ಏರಿಸುವ ಹಟ. ಮನೆಯವರು ಸುತ್ತ ನಿಂತು 'ಇನ್ನೊಂದು, ಇನ್ನೊಂದು' ಅಂದರಂತೂ ಮುಗಿಯಿತು. ಮೇಲೆ ಬರೆದಿರುವ 600, 900, 1200 ಅಂಕಿಗಳು ಸೆಕೆಂಡಿಗೆ ಎಷ್ಟು ಸಿಸಿ (ಮಿಲಿಲೀಟರ್) ಎಂಬ ವೇಗ, ಒಳಗೆ ಹೋದ ಒಟ್ಟು ಗಾಳಿಯಲ್ಲ. ಮೊದಲ ಚೆಂಡನ್ನು 3 ಸೆಕೆಂಡ್ ಎತ್ತಿ ಹಿಡಿದರೆ ಸುಮಾರು 1800 ಸಿಸಿ ಒಳಗೆ ಹೋಗುತ್ತದೆ. ಮೂರನ್ನೂ ಅರ್ಧ ಸೆಕೆಂಡ್ ಜಿಗಿಸಿದರೆ ಬರೀ 600. ಶ್ವಾಸಕೋಶದ ತಳ ಅರಳುವುದು ನಿಧಾನವಾಗಿ ಎಳೆದ ಉಸಿರಿಗೆ.

ನೆಟ್ಟಗೆ ಕೂತು, ಸಾಧನವನ್ನು ಓರೆಯಾಗದಂತೆ ಹಿಡಿಯಿರಿ. ಓರೆಯಾದರೆ ಚೆಂಡು ಸುಳ್ಳು ಹೇಳುತ್ತದೆ. ಉಸಿರನ್ನು ಪೂರ್ತಿ ಬಿಟ್ಟು, ಕೊಳವೆಯ ಬಾಯಿಗೆ ತುಟಿ ಬಿಗಿಮಾಡಿ ಎಳೆದು, 3ರಿಂದ 5 ಸೆಕೆಂಡ್ ತಡೆಯಿರಿ. ಎಚ್ಚರವಿರುವಾಗ ಗಂಟೆಗೆ ಸುಮಾರು 10 ಸಲ, ನಡುನಡುವೆ ಮಾಮೂಲಿ ಉಸಿರು. ಒಂದರ ಹಿಂದೊಂದು ಎಳೆದರೆ ತಲೆ ಸುತ್ತುತ್ತದೆ. ಆಮೇಲೆ ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ಕೆಮ್ಮಿ ಕಫ ತೆಗೆಯಬೇಕು. ನೋವಿಗೆ ಹೆದರಿ ಮೇಲೆಮೇಲೆ ಉಸಿರಾಡುವವರು ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಗಂಟೆ ಬಿಟ್ಟು ಮಾಡಲಿ. ಎದೆಗೆ ಹಾಕಿದ ಕೊಳವೆಯ ಡ್ರೈನ್ ಬಾಟಲಿಯಲ್ಲಿ ಇನ್ನೂ ಗುಳ್ಳೆ ಬರುತ್ತಿದ್ದರೆ, ಅಥವಾ ಒಂದು ಕಡೆಯ ಶ್ವಾಸಕೋಶವನ್ನೇ ತೆಗೆದಿದ್ದರೆ, ಸರ್ಜನ್‌ರನ್ನು ಕೇಳಿಯೇ ಶುರುಮಾಡಿ.

ಹಾಗಂತ ಚೆಂಡು ನಡಿಗೆಗೆ ಬದಲಿಯಲ್ಲ. ಆಪರೇಷನ್ ಆದ 24 ಗಂಟೆಯೊಳಗೆ ರೋಗಿಯನ್ನು ಎಬ್ಬಿಸಿ ನಡೆಸಬೇಕೆಂದು ಯುರೋಪಿನ ಎದೆ ಶಸ್ತ್ರವೈದ್ಯರ ಸಂಘ ಸೇರಿ ರೂಪಿಸಿದ 2019ರ ಮಾರ್ಗಸೂಚಿಯೇ ಹೇಳುತ್ತದೆ.

ರಕ್ತದ ಆಮ್ಲಜನಕವನ್ನು ಶೇಕಡಾದಲ್ಲಿ ತೋರಿಸುವ, ಬೆರಳಿಗೆ ಹಾಕುವ ಸಾದಾ ಆಕ್ಸಿಮೀಟರ್ ಸಾಕು, ಬ್ಲೂಟೂತ್ ಬೇಡ. ಉಗುರುಬಣ್ಣ, ಮದರಂಗಿ, ತಣ್ಣಗಾದ ಬೆರಳು ಅಂಕಿಯನ್ನು ಕೆಡಿಸುತ್ತವೆ. ಕೂತಾಗ 96 ಇದ್ದು ನಡೆದಾಗ 88ಕ್ಕೆ ಇಳಿಯುವುದುಂಟು, ಹಾಗಾಗಿ ನಡೆದು ನಿಂತ ಕೂಡಲೇ ನೋಡಿ ಬರೆದಿಡಿ. ಜೊತೆಗೆ ಏದುಸಿರು 0ರಿಂದ 10ರಲ್ಲಿ ಎಷ್ಟು ಅನ್ನುವುದನ್ನೂ. ಎಷ್ಟಕ್ಕಿಳಿದರೆ ಫೋನ್ ಮಾಡಬೇಕೆಂದು ಡಿಸ್ಚಾರ್ಜ್ ದಿನವೇ ವೈದ್ಯರಿಂದ ಬರೆಸಿಕೊಳ್ಳಿ.

ದುಡ್ಡು ಕೇಳುವ ಪುನಶ್ಚೇತನ ಆಪ್‌ಗಳಿಗೆ ಮೂರೇ ಪ್ರಶ್ನೆ. ನಾವು ತುಂಬಿದ ಅಂಕಿಯನ್ನು ಯಾರು ನೋಡುತ್ತಾರೆ? ಇಳಿದರೆ ಎಷ್ಟು ಹೊತ್ತಿನಲ್ಲಿ ಕರೆ ಬರುತ್ತದೆ? ಫಿಸಿಯೋಥೆರಪಿಸ್ಟ್ ವಿಡಿಯೋದಲ್ಲಿ ಕನ್ನಡದಲ್ಲೇ ಮಾತಾಡುತ್ತಾರಾ? ಬರೀ ನೆನಪೋಲೆ ಕಳಿಸುವ ಆಪ್ ಆದರೆ ಫೋನಿನ ಅಲಾರಂ ಸಾಕು, ಅದು ಪುಕ್ಕಟೆ.