ಬಿಡಿಎಸ್ ಆದಮೇಲೆ ಮೂರು ಕುರ್ಚಿ: ಖಾಸಗಿ ಕ್ಲಿನಿಕ್, ಸೇನೆಯ ಕಮಿಷನ್, ಇಸಿಎಚ್‌ಎಸ್

ದಂತ ವೈದ್ಯಕೀಯ ಪದವಿಯಾದ ಬಿಡಿಎಸ್ ಮುಗಿಸಿದ ಮೇಲೆ ನಾನು ಮೂರು ಕಡೆ ಕೆಲಸ ಮಾಡಿದ್ದೇನೆ. ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಎರಡೂವರೆ ವರ್ಷ, ಸೇನೆಯ ದಂತ ವೈದ್ಯರ ವಿಭಾಗವಾದ ಆರ್ಮಿ ಡೆಂಟಲ್ ಕೋರ್‌ನಲ್ಲಿ ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ನಿಗದಿತ ಅವಧಿಯ ಅಧಿಕಾರಿ ಹುದ್ದೆ, ಪಡೆದು ಐದು ವರ್ಷ, ಈಗ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ಕಿನಲ್ಲಿ ಗುತ್ತಿಗೆಯ ಮೇಲೆ ಎರಡನೆಯ ವರ್ಷ. ಈ ಮೂರರಲ್ಲಿ ನನ್ನ ಮನಸ್ಸಿಗೆ ಒಪ್ಪಿದ್ದು ಸೇನೆಯ ಐದು ವರ್ಷಗಳೇ. ಸ್ನಾತಕೋತ್ತರ ಪದವಿಯಾದ ಎಂಡಿಎಸ್‌ಗೆ ಸೀಟು ಸಿಗದವರು ಕೊನೆಗೆ ಹಿಡಿಯುವ ದಾರಿ ಅದು ಎಂದು ನಮ್ಮ ಕಾಲೇಜುಗಳಲ್ಲಿ ಇಂದಿಗೂ ಮಾತನಾಡುವುದನ್ನು ಕೇಳುತ್ತೇನೆ. ಅದು ತಪ್ಪು ತಿಳಿವಳಿಕೆ ಎಂದು ನನ್ನ ಅನುಭವದ ಬಲದಿಂದ ಹೇಳಬೇಕೆನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಖಾಸಗಿ ಕ್ಲಿನಿಕ್ಕಿನ ಮಾತು. ಕರ್ನಾಟಕವೊಂದರಲ್ಲೇ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ, ಅವುಗಳಿಂದ ಹೊರಬರುವ ಬಹುಪಾಲು ಹುಡುಗ ಹುಡುಗಿಯರು ಬೆಂಗಳೂರಿನತ್ತಲೇ ಮುಖ ಮಾಡುತ್ತಾರೆ. ಹಾಗಾಗಿ ಹೊಸಬರಿಗೆ ಕೊಡುವ ಸಂಬಳ ಏರುವುದಿಲ್ಲ. ನನಗೆ ತಿಂಗಳಿಗೆ 18,000 ರೂಪಾಯಿ ಕೊಡುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಎರಡು, ಸಂಜೆ ಐದರಿಂದ ಒಂಬತ್ತು ಕೆಲಸ. ನಡುವಿನ ಮೂರು ತಾಸು ಮನೆಗೂ ಹೋಗಲಾಗದ, ಕ್ಲಿನಿಕ್ಕಿನಲ್ಲೂ ಕೂರಲಾಗದ ಹೊತ್ತು. ಕೈಗೆ ಕೆಲಸ ಚೆನ್ನಾಗಿ ಹತ್ತಿತು, ಅದನ್ನು ಮರೆಯಲಾರೆ. ಆದರೆ ಬಂದವರಲ್ಲಿ ಎಷ್ಟು ಜನ ದೊಡ್ಡ ಚಿಕಿತ್ಸೆಗೆ ಒಪ್ಪಿದರು ಎಂಬ ಲೆಕ್ಕವನ್ನು ಪ್ರತಿ ಶನಿವಾರ ಒಪ್ಪಿಸಬೇಕಾಗಿತ್ತು. ಹಲ್ಲು ನೋಡಿ, ಎಕ್ಸ್‌ರೇ ನೋಡಿ, ಕೊನೆಗೆ ರೋಗಿಯ ಚಪ್ಪಲಿಯನ್ನೂ ಕೈಗಡಿಯಾರವನ್ನೂ ನೋಡಿ ಯಾವ ಚಿಕಿತ್ಸೆ ಹೇಳಬೇಕೆಂದು ನಿರ್ಧರಿಸುವ ಅಭ್ಯಾಸ ನನಗೆ ಮೈಗೂಡಲಿಲ್ಲ. ಸ್ವಂತ ಕ್ಲಿನಿಕ್ ಹಾಕೋಣವೆಂದರೆ ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ ಯಂತ್ರ, ಆಟೊಕ್ಲೇವ್, ಅಂಗಡಿಯ ಅಡ್ವಾನ್ಸು ಎಲ್ಲ ಕೂಡಿ ಹತ್ತು ಲಕ್ಷ ದಾಟುತ್ತಿತ್ತು, ಓದಿನ ಸಾಲವಿನ್ನೂ ತಲೆಯ ಮೇಲಿತ್ತು.

ಸೇನೆಯ ದಾರಿಯ ಅರ್ಹತೆಯ ವಿವರಗಳು ಅಧಿಸೂಚನೆಯಲ್ಲೇ ಸಿಗುತ್ತವೆ, ಆದ್ದರಿಂದ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಬಿಡಿಎಸ್ ಅಂತಿಮ ವರ್ಷದಲ್ಲಿ ಶೇ. 55 ಅಂಕ, ಒಂದು ವರ್ಷದ ಇಂಟರ್ನ್‌ಶಿಪ್, ದಂತ ವೈದ್ಯಕೀಯ ಪರಿಷತ್ತಿನ ಚಾಲ್ತಿಯಲ್ಲಿರುವ ನೋಂದಣಿ, ಎಂಡಿಎಸ್ ಪ್ರವೇಶಕ್ಕೆ ನಡೆಯುವ ನೀಟ್-ಎಂಡಿಎಸ್ ಪರೀಕ್ಷೆಯನ್ನು ಅದೇ ವರ್ಷ ಬರೆದಿರುವುದು, ಆಮೇಲೆ ದೆಹಲಿಯಲ್ಲಿ ಸಂದರ್ಶನ ಮತ್ತು ವೈದ್ಯಕೀಯ ಪರೀಕ್ಷೆ. ವಯೋಮಿತಿ 45 ವರ್ಷದವರೆಗೆ ಇರುವುದರಿಂದ ಕೆಲವು ವರ್ಷ ಪ್ರಾಕ್ಟೀಸ್ ಮಾಡಿದವರಿಗೂ ಬಾಗಿಲು ಮುಚ್ಚಿಲ್ಲ. ಹುದ್ದೆಗಳು ಮಾತ್ರ ಕಡಿಮೆ, ಇತ್ತೀಚಿನ ನೇಮಕಾತಿಗಳಲ್ಲಿ ಸುಮಾರು 30. ಹಿಂದೆ ಅದರಲ್ಲೂ 27 ಪುರುಷರಿಗೆ, 3 ಮಹಿಳೆಯರಿಗೆ ಎಂಬ ಹಂಚಿಕೆಯಿತ್ತು. ಆ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, 2023ರಲ್ಲಿ ನ್ಯಾಯಾಲಯ ಅದನ್ನು ಕಟುವಾಗಿ ಪ್ರಶ್ನಿಸಿದ ಮೇಲೆ ಮುಂದಿನ ನೇಮಕಾತಿ ಲಿಂಗಭೇದವಿಲ್ಲದೆ ನಡೆಯುವಂತಾಯಿತು. ನಮ್ಮ ದಂತ ಕಾಲೇಜುಗಳ ತರಗತಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚಿರುವಾಗ ಇದು ದೊಡ್ಡ ಬದಲಾವಣೆ.

ಈಗ ನನ್ನ ಒಂದು ಪೂರ್ತಿ ವರ್ಷವನ್ನು ತಿಂದುಹಾಕಿದ ತೊಡಕಿಗೆ ಬರುತ್ತೇನೆ. ಅದು ಪರೀಕ್ಷೆಯದಲ್ಲ, ಓಟದ್ದಲ್ಲ, ನನ್ನ ಹೆಸರಿನ ಇನಿಶಿಯಲ್ಲಿನದು.

ನಮ್ಮ ಕಡೆ ಹೆಸರಿಗೆ ಊರಿನದೊಂದು, ತಂದೆಯದೊಂದು ಅಕ್ಷರ ಸೇರಿಸುವುದು ರೂಢಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡೂ ಇನಿಶಿಯಲ್ಲುಗಳು ಹೆಸರಿನ ಹಿಂದಿವೆ. ದಂತ ಕಾಲೇಜಿಗೆ ಸೇರುವಾಗ ಕಚೇರಿಯ ಗುಮಾಸ್ತರು ಕಂಪ್ಯೂಟರಿನಲ್ಲಿ ಮೂರು ಖಾನೆ ತುಂಬಲೇಬೇಕೆಂದು ತಂದೆಯ ಹೆಸರನ್ನು ಪೂರ್ತಿ ಬಿಡಿಸಿ ಬರೆದು, ಊರಿನ ಅಕ್ಷರವನ್ನು ಬಿಟ್ಟರು. ಬಿಡಿಎಸ್ ಅಂಕಪಟ್ಟಿಗಳೆಲ್ಲ ಆ ಹೆಸರಿನಲ್ಲೇ ಬಂದವು. ಇಂಟರ್ನ್‌ಶಿಪ್ ಮುಗಿಸಿದ ಪ್ರಮಾಣಪತ್ರದಲ್ಲಿ ಮತ್ತೆ ಎರಡು ಇನಿಶಿಯಲ್, ಆದರೆ ಅದಲುಬದಲು. ಬೆಂಗಳೂರಿನ ಕ್ಲಿನಿಕ್ಕಿನವರು ಯಾವ ಕಾಗದವನ್ನೂ ಬಿಡಿಸಿ ನೋಡಿರಲಿಲ್ಲ, ಆದ್ದರಿಂದ ಬಹಳ ದಿನ ಇದು ನನ್ನ ಗಮನಕ್ಕೇ ಬರಲಿಲ್ಲ. ಸೇನೆಯ ಅರ್ಜಿಯಲ್ಲಿ ಹೆಸರು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವಂತೆಯೇ ಇರಬೇಕೆಂದು ಓದಿ, ಎಲ್ಲ ಮೂಲ ದಾಖಲೆಗಳನ್ನು ಮಂಚದ ಮೇಲೆ ಸಾಲಾಗಿ ಹರಡಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬನೇ ಮನುಷ್ಯನ ಮೂರು ಹೆಸರುಗಳು ಅಲ್ಲಿ ಮಲಗಿದ್ದವು.

ನೋಟರಿಯವರಿಂದ ಅಫಿಡವಿಟ್ ಮಾಡಿಸಿದರೆ ಸಾಕೆಂದು ಗೆಳೆಯರು ಹೇಳಿದರು. ಅಫಿಡವಿಟ್ ಹಿಡಿದು ದೆಹಲಿಗೆ ಹೋಗಿ ಅಲ್ಲಿ ಪ್ರಶ್ನೆಗೆ ಗುರಿಯಾಗುವುದಕ್ಕಿಂತ ಕಾಗದಗಳನ್ನೇ ಸರಿಪಡಿಸಿಕೊಳ್ಳುವುದು ಮೇಲೆಂದು ನಾನು ಕಾಲೇಜಿಗೆ ಹೋದೆ. ಇಂಟರ್ನ್‌ಶಿಪ್ ಪ್ರಮಾಣಪತ್ರ ತಿದ್ದಬೇಕಾದರೆ ಮೊದಲು ಅಂಕಪಟ್ಟಿಯ ಹೆಸರು ತಿದ್ದಿರಬೇಕು ಎಂದರು ಅಲ್ಲಿ. ಅಂಕಪಟ್ಟಿ ತಿದ್ದಬೇಕಾದರೆ ಪ್ರಾಂಶುಪಾಲರ ಶಿಫಾರಸು ಪತ್ರ ಬೇಕು. ಆ ಪತ್ರ ಬೇಕಾದರೆ ನೋ ಡ್ಯೂಸ್ ಬೇಕು. ನೋ ಡ್ಯೂಸ್ ಪುಸ್ತಕದಲ್ಲಿ, ನಾನು ಎಂದೋ ಹಿಂದಿರುಗಿಸಿದ್ದ ಒಂದು ಗ್ರಂಥಾಲಯದ ಪುಸ್ತಕ ಇನ್ನೂ ನನ್ನ ಹೆಸರಿನಲ್ಲೇ ಇತ್ತು. ನಾಲ್ಕು ಸಲ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದೆ. ಪ್ರತಿ ಸಲವೂ ಕ್ಲಿನಿಕ್ಕಿನಲ್ಲಿ ಒಂದು ದಿನದ ಸಂಬಳ ಹೋಯಿತು. ಕೊನೆಗೂ ತಿದ್ದಿದ ಪತ್ರ ಕೈಗೆ ಬರುವಷ್ಟರಲ್ಲಿ ಆ ವರ್ಷದ ಅರ್ಜಿಯ ಕೊನೆಯ ದಿನ ಕಳೆದು ಹನ್ನೊಂದು ದಿನವಾಗಿತ್ತು.

ಒಂದು ವರ್ಷ ಕಾದರಾಯಿತು ಎಂದು ಸುಮ್ಮನಿರುವಂತೆಯೂ ಇರಲಿಲ್ಲ. ಅರ್ಜಿಗೆ ಆಯಾ ವರ್ಷದ ನೀಟ್-ಎಂಡಿಎಸ್ ಅಂಕವೇ ಬೇಕು, ಹಳೆಯದು ನಡೆಯುವುದಿಲ್ಲ. ಹೀಗಾಗಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮತ್ತೆ ಎಲ್ಲ ವಿಷಯಗಳನ್ನೂ ಮೊದಲಿನಿಂದ ಓದಿ, ಮೂರು ತಾಸಿನಲ್ಲಿ 240 ಪ್ರಶ್ನೆಗಳನ್ನು ಎದುರಿಸುವ ಪರೀಕ್ಷೆಗೆ ಎರಡನೆಯ ಸಲ ಕೂತೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಮೊದಲ ಸಲಕ್ಕಿಂತ ಅಂಕ ಕಡಿಮೆ ಬರಬಹುದೆಂಬ ಭಯ ಪರೀಕ್ಷೆ ಮುಗಿಯುವವರೆಗೂ ಹೋಗಲಿಲ್ಲ. ಒಂದು ಅಕ್ಷರ ಹಿಂದುಮುಂದಾಗಿದ್ದಕ್ಕೆ ನಾನು ತೆತ್ತ ಬೆಲೆ ಇದು. ಇಂಟರ್ನ್‌ಶಿಪ್ಪಿನಲ್ಲಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಬೇಡಿಕೆ: ಕಾಲೇಜಿನ ಅಂಗಳದಲ್ಲಿರುವಾಗಲೇ, ಗುಮಾಸ್ತರಿಗೆ ನಿಮ್ಮ ಮುಖ ಗೊತ್ತಿರುವಾಗಲೇ, ಎಲ್ಲ ಕಾಗದಗಳನ್ನೂ ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರವಾಗಿ ಓದಿ ನೋಡಿ.

ಆಯ್ಕೆಯಾದ ಮೇಲೆ ಲಖನೌದಲ್ಲಿ ಮೂಲ ತರಬೇತಿ ಇರುತ್ತದೆ. ಮೈ ಬಗ್ಗದವರಿಗೆ ಮೊದಲ ಹದಿನೈದು ದಿನ ಕಷ್ಟ, ಆಮೇಲೆ ಹೊಂದಿಕೊಳ್ಳುತ್ತದೆ. ಹಿಂದಿ ಬಾರದವರು ಅಲ್ಲೇ ಕಲಿಯುತ್ತಾರೆ.

ಕೆಲಸದ ವಿಷಯಕ್ಕೆ ಬಂದರೆ ನನ್ನ ಒಲವು ಎಲ್ಲಿಂದ ಹುಟ್ಟಿತೆಂಬುದು ಒಂದು ಘಟನೆಯಿಂದಲೇ ತಿಳಿದೀತು. ಬೆಟ್ಟದ ಬುಡದ ಒಂದು ಠಾಣೆಯಲ್ಲಿ ನಾನಿದ್ದಾಗ ಎತ್ತರದ ಪ್ರದೇಶಕ್ಕೆ ಏರಬೇಕಾದ ಜವಾನರ ಹಲ್ಲಿನ ತಪಾಸಣೆ ನಡೆಯುತ್ತಿತ್ತು. ಮೇಲೆ ಹೋದ ಮೇಲೆ ಹಲ್ಲುನೋವು ಬಂದರೆ ಕೆಳಗಿಳಿಸುವುದು ಸುಲಭವಲ್ಲ, ಹವಾಮಾನ ಕೆಟ್ಟರೆ ಹೆಲಿಕಾಪ್ಟರ್ ಕೂಡ ಹಾರುವುದಿಲ್ಲ. ಗಾಳಿಯ ಒತ್ತಡ ಕಡಿಮೆಯಾದಂತೆ ಸಡಿಲವಾದ ಫಿಲ್ಲಿಂಗಿನ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗಿ ನೋವಾಗುವುದೂ ಉಂಟು, ವಿಮಾನ ಚಾಲಕರಲ್ಲಿ ಇದನ್ನು ವಿಶೇಷವಾಗಿ ನೋಡುತ್ತಾರೆ. ಹೀಗಾಗಿ ಅಲ್ಲಿ ಹಲ್ಲು ಎಂದರೆ ಅಂದದ ಮಾತಲ್ಲ, ಮನುಷ್ಯ ಕರ್ತವ್ಯಕ್ಕೆ ಯೋಗ್ಯನೇ ಎಂಬ ಪ್ರಶ್ನೆ. ಬೆಳಗಾವಿ ಕಡೆಯ ಒಬ್ಬ ಯುವಕನ ಕೆಳಗಿನ ದವಡೆಹಲ್ಲಿನಲ್ಲಿ ನರದವರೆಗೆ ಇಳಿದ ಹುಳುಕಿತ್ತು, ಅವನ ತುಕಡಿ ಹೊರಡಲು ಹನ್ನೆರಡು ದಿನ ಉಳಿದಿತ್ತು. ಕನ್ನಡ ಕೇಳಿದ್ದೇ ತಡ ಅವನ ಮುಖ ಸಡಿಲವಾಯಿತು. "ಕಿತ್ತು ಒಗೀರಿ ಸಾಹೇಬ್ರ, ನಮ್ಮಪ್ಪನೂ ಹಿಂಗ ಕೀಳಿಸ್ಯಾನ್ರಿ" ಎಂದ. ಬೆಂಗಳೂರಿನ ಕ್ಲಿನಿಕ್ಕಿನಲ್ಲಾಗಿದ್ದರೆ ರೂಟ್ ಕೆನಾಲಿನ ಖರ್ಚು ಕೇಳಿ ಅವನ ವಯಸ್ಸಿನ ಹತ್ತಾರು ಜನ ಹಲ್ಲು ಕೀಳಿಸಿಕೊಂಡು ಹೋದದ್ದನ್ನು ನಾನೇ ನೋಡಿದ್ದೆ, ನನ್ನ ಕೈಯಿಂದಲೇ ಕಿತ್ತಿದ್ದೆ. ಇಲ್ಲಿ ಖರ್ಚಿನ ಮಾತೇ ಇರಲಿಲ್ಲ. ಮೂರು ಸಿಟ್ಟಿಂಗಿನಲ್ಲಿ ಕಾಲುವೆಗಳನ್ನು ಅಳೆದು, ಶುಚಿ ಮಾಡಿ, ತುಂಬಿ ಮುಗಿಸಿದೆವು. ಪಕ್ಕದಲ್ಲಿ ನಿಂತ ಡೋರಾ, ಅಂದರೆ ನಮ್ಮ ಶಸ್ತ್ರಚಿಕಿತ್ಸಾ ಕೊಠಡಿಯ ಸಹಾಯಕ ಹವಾಲ್ದಾರರು, ನಾನು ಕೇಳುವ ಮೊದಲೇ ಸರಿಯಾದ ನಂಬರಿನ ಫೈಲನ್ನು ಕೈಗಿಡುತ್ತಿದ್ದರು. ಹೊರಡುವ ಹಿಂದಿನ ದಿನ ಆ ಯುವಕ ಬಂದು ಎರಡೂ ಕಡೆ ಕಡಲೆ ಅಗಿದು ತೋರಿಸಿದ. ಹಲ್ಲಿಗೆ ಏನು ಬೇಕೋ ಅದನ್ನಷ್ಟೇ ಯೋಚಿಸಿ ಕೆಲಸ ಮಾಡುವ ಸ್ವಾತಂತ್ರ್ಯ ಎಂದರೇನೆಂದು ನನಗೆ ಆಗ ಗೊತ್ತಾಯಿತು.

ಹಣದ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸೇರುವಾಗಲೇ ಕ್ಯಾಪ್ಟನ್ ಹುದ್ದೆ. ಅದರ ಆರಂಭದ ಮೂಲ ವೇತನ 61,300 ರೂಪಾಯಿ, ಮಿಲಿಟರಿ ಸರ್ವಿಸ್ ಪೇ 15,500, ಖಾಸಗಿ ಪ್ರಾಕ್ಟೀಸ್ ಮಾಡದಿರುವುದಕ್ಕೆ ಕೊಡುವ ಎನ್‌ಪಿಎ ಮೂಲ ವೇತನದ ಶೇ. 20, ಇವುಗಳ ಮೇಲೆ ತುಟ್ಟಿಭತ್ಯೆ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 20 ದಿನ ಸಾಂದರ್ಭಿಕ ರಜೆ. ನನ್ನ ಓದಿನ ಸಾಲ ಮೂರನೆಯ ವರ್ಷಕ್ಕೇ ತೀರಿತು. ಶಾರ್ಟ್ ಸರ್ವಿಸ್‌ನವರಿಗೆ ಪಿಂಚಣಿ ಇಲ್ಲ, ಹೊರಬರುವಾಗ ಗ್ರಾಚ್ಯುಯಿಟಿ ಕೊಡುತ್ತಾರೆ. ಮೊದಲ ಅವಧಿ ಐದು ವರ್ಷ, ಬಯಸಿದರೆ ವಿಸ್ತರಣೆ ಪಡೆದು ಒಟ್ಟು 14 ವರ್ಷದವರೆಗೆ ಇರಬಹುದು. ಕಾಯಂ ಕಮಿಷನ್ ಬೇಕೆನ್ನುವವರು ಚಿಕ್ಕ ವಯಸ್ಸಿನಲ್ಲೇ ಸೇರಬೇಕು, ಅದರ ವಯೋಮಿತಿ ಬಿಗಿಯಾಗಿದೆ.

ಇಸಿಎಚ್‌ಎಸ್ ಯೋಜನೆ ಆರಂಭವಾದದ್ದು 2003ರಲ್ಲಿ. ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿ ಸೇರಿದಂತೆ ಅದರ ಪಾಲಿಕ್ಲಿನಿಕ್ಕುಗಳು ನಮ್ಮ ರಾಜ್ಯದ ಹಲವು ಊರುಗಳಲ್ಲಿವೆ. ಇಲ್ಲಿ ಡೆಂಟಲ್ ಆಫೀಸರ್ ಆಗಲು ಸಮವಸ್ತ್ರ ಬೇಡ, ನೀಟ್ ಬೇಡ; ಕೆಲಸದ ಅನುಭವ ಬೇಕು, ಸಂದರ್ಶನವಿರುತ್ತದೆ, ಮಾಜಿ ಸೈನಿಕರಿಗೆ ಆದ್ಯತೆಯಿದೆ. ನಾನು ಸೇರಿದಾಗ ತಿಂಗಳಿಗೆ 75,000 ರೂಪಾಯಿ ಒಟ್ಟು ಮೊತ್ತ, ಅದರ ಮೇಲೆ ತುಟ್ಟಿಭತ್ಯೆಯಿಲ್ಲ, ಗುತ್ತಿಗೆಯನ್ನು ವರ್ಷವರ್ಷವೂ ನವೀಕರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಬರುವವರೆಲ್ಲ ಹಿರಿಯರು, ಹಾಗಾಗಿ ಕೆಲಸವೂ ಬೇರೆ ಬಗೆಯದು: ಅಲುಗಾಡುವ ಹಲ್ಲು, ಸವೆದ ಹಲ್ಲು, ಕೃತಕ ದಂತಪಂಕ್ತಿ. ದೊಡ್ಡ ಚಿಕಿತ್ಸೆಗೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಚೀಟಿ ಬರೆದುಕೊಡಬೇಕು. ಅರ್ಧ ಮಾಡಿದ ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ನನಗೆ ಇಂದಿಗೂ ಕಸಿವಿಸಿಯಾಗುತ್ತದೆ. ಆದರೆ ನಿವೃತ್ತ ಸುಬೇದಾರರೊಬ್ಬರು ಕರವಸ್ತ್ರದಲ್ಲಿ ಸುತ್ತಿದ ತಮ್ಮ ಹಳೆಯ ಸೆಟ್ಟನ್ನು ಮೇಜಿನ ಮೇಲಿಟ್ಟು "ರೊಟ್ಟಿ ಮುರ್ಯಾಕ ಬರ್ತೈತ್ರಿ ಡಾಕ್ಟ್ರ, ಕಡಿಯಾಕ ಬರವಲ್ದು" ಎಂದಾಗ, ಆ ಸೆಟ್ಟು ಒತ್ತುವ ಜಾಗವನ್ನು ಹುಡುಕಿ ಚೂರು ಚೂರೇ ಉಜ್ಜಿ ಮತ್ತೆ ಕೂರಿಸುವ ಕೆಲಸದಲ್ಲಿ ಇರುವ ಸುಖ ಕಡಿಮೆಯದಲ್ಲ.

ಹಾಗಾದರೆ ಇಷ್ಟು ಮೆಚ್ಚಿದ ಸೇನೆಯನ್ನು ಐದೇ ವರ್ಷಕ್ಕೆ ಏಕೆ ಬಿಟ್ಟೆ ಎಂದು ಎಲ್ಲರೂ ಕೇಳುತ್ತಾರೆ. ಧಾರವಾಡದ ಹತ್ತಿರದ ನಮ್ಮೂರಿನಲ್ಲಿ ಅವ್ವ ಒಬ್ಬಳೇ ಆದಳು, ಅವಳಿಗೆ ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕಾಗಿ ಬಂತು. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಕೆಲಸದಲ್ಲಿ ಅದು ಸಾಧ್ಯವಿರಲಿಲ್ಲ, ಅವಳು ಊರು ಬಿಟ್ಟು ಬರುವುದಕ್ಕೆ ಒಪ್ಪಲಿಲ್ಲ. ವಿಸ್ತರಣೆಗೆ ಸಹಿ ಹಾಕದ ದಿನ ನನಗಾದ ಸಂಕಟ ಇನ್ನೂ ಮಾಸಿಲ್ಲ.

ನಾನು ಬೆಳಿಗ್ಗೆ ಬೇಗ ಏಳುವವನು, ರಾತ್ರಿ ಒಂಬತ್ತರ ಮೇಲೆ ಕೆಲಸ ಮಾಡಲಾರದವನು, ರೋಗಿಯ ಮುಂದೆ ದುಡ್ಡಿನ ಮಾತೆತ್ತಲು ನಾಲಿಗೆ ಏಳದವನು, ಹತ್ತು ಲಕ್ಷ ಹೂಡುವ ಶಕ್ತಿಯಿಲ್ಲದವನು. ಇಂಥವನಿಗೆ ಸೇನೆಯ ಕುರ್ಚಿಯೇ ಮೊದಲನೆಯದು, ಪಾಲಿಕ್ಲಿನಿಕ್ಕಿನದು ಎರಡನೆಯದು. ಊರಿನಲ್ಲಿ ಸ್ವಂತ ಕಟ್ಟಡವಿದ್ದು, ಜನರೊಂದಿಗೆ ವ್ಯವಹಾರ ಮಾಡುವ ಚಾತುರ್ಯವಿದ್ದವರಿಗೆ ಈ ಕ್ರಮ ತಿರುಗುಮುರುಗಾದೀತು. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸಿನವರು, ತಂದೆತಾಯಿ ಗಟ್ಟಿಯಾಗಿರುವವರು, ಎಂಡಿಎಸ್ಸಿಗೆಂದು ಹೇಗೂ ನೀಟ್ ಬರೆಯುವವರು, ಅದೇ ಅಂಕದ ಮೇಲೆ ಸೇನೆಯ ಅರ್ಜಿಯನ್ನೂ ಹಾಕಿಬಿಡಿ. ಕಳೆದ ತಿಂಗಳು ಅಕ್ಕನ ಮಗಳು ಇಂಟರ್ನ್‌ಶಿಪ್ ಮುಗಿಸಿ ಮನೆಗೆ ಬಂದಾಗ ನಾನು ಮೊದಲು ಕೇಳಿದ್ದು ಅವಳ ಕಾಗದಗಳನ್ನು. ಎಸ್ಸೆಸ್ಸೆಲ್ಸಿಯಿಂದ ಪರಿಷತ್ತಿನ ನೋಂದಣಿಯವರೆಗೆ ಎಲ್ಲವನ್ನೂ ಅವ್ವನ ಮಂಚದ ಮೇಲೆ ಹರಡಿ ಇಬ್ಬರೂ ಕೂತು ಓದಿದೆವು; ಒಂದರಲ್ಲಿ ಇನಿಶಿಯಲ್ಲಿನ ನಂತರದ ಚುಕ್ಕಿ ಇರಲಿಲ್ಲ. ಸೋಮವಾರವೇ ಅವಳು ಕಾಲೇಜಿಗೆ ಹೊರಟಳು.