ಕೂಲಂಟ್ ಟೆಂಪರೇಚರ್ ಸೆನ್ಸರ್: ಎರಡು ವರ್ಷ, 31 ಸಾವಿರ ಕಿ.ಮೀ. ಆದಮೇಲೆ

ನನ್ನ ಪೆಟ್ರೋಲ್ ಕಾರಿಗೆ ಈಗ 14 ವರ್ಷ. ಇರೋದು ಶಿವಮೊಗ್ಗದಲ್ಲಿ, ತಿಂಗಳಿಗೊಮ್ಮೆಯಾದರೂ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರುತ್ತೇನೆ. ಇದಕ್ಕೆ ಹಾಕಿಸಿದ ಕೂಲಂಟ್ ಟೆಂಪರೇಚರ್ ಸೆನ್ಸರ್‌ಗೆ ಈ ತಿಂಗಳು ಎರಡು ವರ್ಷ ತುಂಬಿತು. ಎಂಜಿನ್ನನ್ನು ತಣ್ಣಗಿಡೋ ದ್ರವ, ಅಂದರೆ ಕೂಲಂಟ್, ಎಷ್ಟು ಬಿಸಿಯಾಗಿದೆ ಅಂತ ಗಾಡಿಯ ಕಂಪ್ಯೂಟರಿಗೆ ಹೇಳೋದು ಇದರ ಕೆಲಸ. 780 ರೂಪಾಯಿಯ ಸಾಮಾನಿನ ಬಗ್ಗೆ ಇಷ್ಟುದ್ದ ಬರೆಯಬೇಕಾ ಅಂತ ಹೆಂಡತಿ ಕೇಳಿದಳು. ಅವಳ ಟೀ ಪಾತ್ರೆಯೂ ಈ ಕಥೆಯಲ್ಲಿ ಬರುತ್ತದೆ, ಆ ಸಿಟ್ಟು ಇನ್ನೂ ಇಳಿದಿಲ್ಲ.

ತೊಂದರೆ ಶುರುವಾಗಿದ್ದು ವಿಚಿತ್ರವಾಗಿ. ಬೆಳಿಗ್ಗೆ ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. ಆದರೆ ತೀರ್ಥಹಳ್ಳಿಯಲ್ಲಿ ಕಾಫಿಗೆ ಹತ್ತು ನಿಮಿಷ ನಿಲ್ಲಿಸಿದರೆ ಮುಗೀತು. ಕೀ ತಿರುಗಿಸಿ ತಿರುಗಿಸಿ ಕೈ ಸೋಲುತ್ತಿತ್ತು. ಕೊನೆಗೆ ಹೊತ್ತಿಕೊಂಡಾಗ ಹಿಂದೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಮೈಲೇಜ್ 15ರಿಂದ 12ಕ್ಕೆ ಇಳಿಯಿತು. "ಪಂಪ್ ವೀಕ್ ಆಗಿದೆ ಮೇಷ್ಟ್ರೇ" ಅಂದರು ನಮ್ಮ ಮೆಕ್ಯಾನಿಕ್. ಪ್ಲಗ್ ಬದಲಾಯಿತು, ಫಿಲ್ಟರ್ ಬದಲಾಯಿತು, ದುಡ್ಡು ಹೋಯಿತು. ಚೆಕ್ ಎಂಜಿನ್ ದೀಪ ಮಾತ್ರ ಒಂದು ದಿನವೂ ಹತ್ತಲಿಲ್ಲ. ಟೆಂಪರೇಚರ್ ಮುಳ್ಳು ಯಾವಾಗಲೂ ಅರ್ಧಕ್ಕಿಂತ ಕೆಳಗೇ. ಗಾಡಿ ತಣ್ಣಗಿದೆ ಅಂತ ನಾನು ಖುಷಿಯಲ್ಲೇ ಇದ್ದೆ.

ಆ ಖುಷಿ ಇಳಿದಿದ್ದು ಸೋಮೇಶ್ವರದಿಂದ ಘಾಟಿ ಹತ್ತುವಾಗ. ಮುಂದೆ ಲಾರಿ, ಫಸ್ಟ್ ಗೇರಲ್ಲೇ ಅರ್ಧ ದಾರಿ. ಮೇಲೆ ಬಂದು ನಿಲ್ಲಿಸಿದರೆ ಬಾನೆಟ್ ಸಂದಿಯಿಂದ ಹಬೆ. ಕೂಲಂಟ್ ಬಾಟಲಿ ಒಳಗೆ ಕೊತಕೊತ ಕುದಿಯುತ್ತಿದೆ, ರೇಡಿಯೇಟರ್ ಫ್ಯಾನ್ ತಿರುಗುತ್ತಲೇ ಇಲ್ಲ, ಮುಳ್ಳು ಮಾತ್ರ ಅದೇ ಅರ್ಧಕ್ಕಿಂತ ಕೆಳಗೆ! ಮುಚ್ಚಳ ಮುಟ್ಟದೆ ಒಂದು ಗಂಟೆ ಕಾದೆ. ಬಿಸಿ ಇದ್ದಾಗ ಅದನ್ನು ತೆರೆದರೆ ಒತ್ತಡದಲ್ಲಿರೋ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ.

ಆಗ ಸೆನ್ಸರ್ ಮೇಲೆ ಅನುಮಾನ ಬಂತು. ಮೊದಲು 220 ರೂಪಾಯಿಯದು ಹಾಕಿಸಿದೆ. ಮೂರು ವಾರ ಚೆನ್ನಾಗಿತ್ತು, ಮತ್ತೆ ಅದೇ ರಾಗ. "ಲೋಕಲ್ ಮಾಲು, ಅಷ್ಟೇ" ಅಂದುಕೊಂಡು ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಈ 780ರದ್ದು ತಂದೆ. ಅದೂ ಒಂದು ತಿಂಗಳಿಗೆ ಹಾಗೇ ಆದಾಗ ನಿಜವಾಗಿ ತಲೆ ಕೆಟ್ಟಿತು.

ಮನೆಯಲ್ಲಿ ಪರೀಕ್ಷೆ ಮಾಡೋಣ ಅಂತ ಎಂಜಿನ್ ತಣ್ಣಗಾದ ಮೇಲೆ ಎರಡನ್ನೂ ತಂದು ಕೂತೆ. ಈ ಸೆನ್ಸರ್ ಒಳಗಿರೋದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡೋ ತಡೆ, ಅಳೆಯೋದು ಓಮ್‌ನಲ್ಲಿ) ಕಡಿಮೆಯಾಗುವ ಒಂದು ಪುಟ್ಟ ಥರ್ಮಿಸ್ಟರ್. ನನ್ನ ಗಾಡಿಯದು 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ 320ರ ಆಸುಪಾಸು ತೋರಿಸಬೇಕು. ಎಲ್ಲಾ ಗಾಡಿಗೂ ಇದೇ ಲೆಕ್ಕ ಅಲ್ಲ, ನಿಮ್ಮದಕ್ಕೆ ನಿಮ್ಮ ಮ್ಯಾನ್ಯುಯಲ್ ನೋಡಿ. ಟೀ ಪಾತ್ರೆಯಲ್ಲಿ ನೀರು ಕುದಿಸಿ ಸೆನ್ಸರ್ ಮೂತಿ ಮುಳುಗಿಸಿ ಮೀಟರ್ ಹಿಡಿದೆ. ಕುದಿಯೋ ನೀರು 80 ಡಿಗ್ರಿಗಿಂತ ಬಿಸಿ, ಹಾಗಾಗಿ 320ಕ್ಕಿಂತ ಕಡಿಮೆ ಬರಬೇಕು. 780ರದ್ದು 195 ಓಮ್. 220ರದ್ದು 230. ಸ್ವಲ್ಪ ಹೆಚ್ಚುಕಮ್ಮಿ ನಿಜ, ಆದರೆ ಗಾಡಿ ನಿಲ್ಲಿಸುವಷ್ಟು ತಪ್ಪೇನಲ್ಲ. (ಕೂಲಂಟ್ ವಿಷ. ಆ ಪಾತ್ರೆ ಈಗ ಗ್ಯಾರೇಜಿನದು. ಹೊಸದು ತಂದುಕೊಡಬೇಕಾಯಿತು.)

ಹಾಗಾದರೆ ಸುಳ್ಳು ಹೇಳುತ್ತಿರೋದು ಯಾರು? ಕಪ್ಲರ್ (ಸೆನ್ಸರ್‌ಗೆ ವೈರ್ ಸಿಕ್ಕಿಸೋ ಕನೆಕ್ಟರ್) ಬಿಚ್ಚಿ ಹಾಕಿದಾಗೆಲ್ಲ ಸ್ವಲ್ಪ ದಿನ ಸರಿ ಇರುತ್ತೆ ಅನ್ನೋದು ಆಗ ಹೊಳೆಯಿತು. ಟಾರ್ಚ್ ಬಿಟ್ಟು ಕಪ್ಲರ್ ಒಳಗೆ ನೋಡಿದೆ. ಎರಡು ಪಿನ್ನುಗಳಲ್ಲಿ ಒಂದಕ್ಕೆ ಹಸಿರು ಕಿಲುಬು, ಹಳೇ ತಾಮ್ರದ ಚೊಂಬಿಗೆ ಹಿಡಿದ ಹಾಗೆ. ಹಳೇ ವಾಷರ್‌ನಿಂದ ಜಿನುಗಿದ ಕೂಲಂಟೋ, ವಾಟರ್ ಸರ್ವಿಸ್‌ನಲ್ಲಿ ಎಂಜಿನ್ನಿಗೆ ಬಿಟ್ಟ ಪ್ರೆಶರ್ ನೀರೋ, ಎರಡೂ ಇರಬಹುದು.

ಲೆಕ್ಕ ಹಾಕಿದರೆ ಎಲ್ಲಾ ಕೂತುಕೊಳ್ಳುತ್ತದೆ. ಕಿಲುಬಿನಿಂದ 500 ಓಮ್ ಸೇರಿತು ಅನ್ನಿ. ಬೆಳಿಗ್ಗೆ 2,500 ಇದ್ದದ್ದು 3,000 ಆಗುತ್ತದೆ, ನಾಲ್ಕೈದು ಡಿಗ್ರಿ ವ್ಯತ್ಯಾಸ, ಯಾರಿಗೂ ಗೊತ್ತಾಗಲ್ಲ. ಎಂಜಿನ್ 80 ಡಿಗ್ರಿ ಇದ್ದಾಗ 320 ಇದ್ದದ್ದು 820 ಆದರೆ ಇಸಿಯುಗೆ, ಅಂದರೆ ಎಂಜಿನ್ ನಡೆಸೋ ಕಂಪ್ಯೂಟರಿಗೆ, ಕಾಣೋದು 50 ಡಿಗ್ರಿ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಅದು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಫ್ಯಾನ್ ಹಾಕೋದೇ ಇಲ್ಲ. 50 ಡಿಗ್ರಿ ಅಸಾಧ್ಯವಾದ ರೀಡಿಂಗ್ ಅಲ್ಲವಲ್ಲ, ಹಾಗಾಗಿ ದೀಪವೂ ಹತ್ತಲ್ಲ. ವೈರ್ ಪೂರ್ತಿ ತುಂಡಾಗಿದ್ದರೆ ಮೈನಸ್ 40 ತೋರಿಸಿ ದೀಪ ಹತ್ತಿ ಅವತ್ತೇ ಸಿಕ್ಕಿಬೀಳುತ್ತಿತ್ತು.

ವೈರ್ ಸಮೇತ ಹೊಸ ಕಪ್ಲರ್‌ಗೆ 150 ರೂಪಾಯಿ. ಬೆಸುಗೆ ಹಾಕಿ, ಮೇಲೆ ಶ್ರಿಂಕ್ ಟ್ಯೂಬ್ ಎಳೆದು, ಪಿನ್ನಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿದೆ. 780ರ ಸೆನ್ಸರನ್ನೇ ಹೊಸ ತಾಮ್ರದ ವಾಷರ್ ಜೊತೆ ಕೂರಿಸಿದೆ. ಕೂಲಂಟ್ ಚೆಲ್ಲಿದ್ದು ಒಂದು ಲೋಟದಷ್ಟು. ಅದನ್ನು ತುಂಬಿಸಿ, ಹೀಟರ್ ಫುಲ್ ಬಿಸಿಗಿಟ್ಟು, ಫ್ಯಾನ್ ಎರಡು ಸಲ ಬಂದು ನಿಲ್ಲೋವರೆಗೆ ಎಂಜಿನ್ ಓಡಿಸಿದೆ. ಇದನ್ನು ಬಿಡಬೇಡಿ. ಒಳಗೆ ಗಾಳಿ ಉಳಿದು ಸೆನ್ಸರ್ ಮೂತಿಗೆ ಕೂಲಂಟ್ ತಾಗದಿದ್ದರೆ ಮತ್ತೆ ತಪ್ಪು ರೀಡಿಂಗೇ.

ಅಲ್ಲಿಂದ ಎರಡು ಮಳೆಗಾಲ ಆಯಿತು. ಬಿಸಿಯಲ್ಲಿ ಸ್ಟಾರ್ಟಿಂಗ್ ತೊಂದರೆ ಒಮ್ಮೆಯೂ ಬಂದಿಲ್ಲ, ಮೈಲೇಜ್ ಮತ್ತೆ 15ರ ಹತ್ತಿರ. ಮೊಬೈಲಿಗೆ ಸೇರಿಸೋ ಓಬಿಡಿ ಡಾಂಗಲ್ (ಇಸಿಯು ಓದೋ ಲೆಕ್ಕವನ್ನು ಮೊಬೈಲಿನಲ್ಲಿ ತೋರಿಸೋ ಪುಟ್ಟ ಸಾಧನ) ಒಂದು ಇಟ್ಟುಕೊಂಡಿದ್ದೇನೆ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಕೂಲಂಟ್ ಟೆಂಪರೇಚರ್ ಮತ್ತು ಒಳಬರೋ ಗಾಳಿಯ ಟೆಂಪರೇಚರ್ ಎರಡನ್ನೂ ನೋಡುತ್ತೇನೆ. ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮೊನ್ನೆ 23 ಮತ್ತು 24 ಇತ್ತು. ಆದರೆ ನನ್ನ ತೊಂದರೆಯಂಥದ್ದು ಬೆಳಿಗ್ಗೆ ಬಚ್ಚಿಟ್ಟುಕೊಳ್ಳುತ್ತದೆ, ಅದಕ್ಕೇ ಘಾಟಿ ಹತ್ತಿದ ಮೇಲೂ ಒಮ್ಮೆ ನೋಡುತ್ತೇನೆ. 90ರ ಮೇಲೆ ಕೆಳಗೆ ಆಡುತ್ತಿರುತ್ತದೆ.

ಬೇಜಾರಿನ ಮಾತೂ ಇದೆ. 780 ಕೊಟ್ಟರೂ ಡಬ್ಬಿಯಲ್ಲಿ ವಾಷರ್ ಇರಲಿಲ್ಲ, ಅದಕ್ಕೆ ಬೇರೆ ಅಂಗಡಿ ಅಲೆದೆ. ಎಲೆಕ್ಟ್ರಿಕಲ್ ಸಾಮಾನು ಒಮ್ಮೆ ಗಾಡಿಗೆ ಹಾಕಿದರೆ ವಾಪಸ್ ಇಲ್ಲ ಅಂತ ಅಂಗಡಿಯವರು ಮೊದಲೇ ಹೇಳಿದ್ದರು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಡಿಮೆ ವಾಷರ್‌ಗೆ. 220ರದ್ದು ಡಿಕ್ಕಿಯ ಟೂಲ್ ಬ್ಯಾಗಿನಲ್ಲಿದೆ. ಅದಕ್ಕೆ ಸುಮ್ನೆ ಬೈದುಬಿಟ್ಟೆ.